ಕಂಬ ಅನ್ನೋದು ಹೊಗಳಿಕೆಯಾ?

ಬ್ಲಾಗಿನ ಕಡೆ ತಲೆ ಹಾಕಿ ಎರಡು ತಿಂಗಳ ಮೇಲಾಯ್ತು. ಆಫೀಸಿನಲ್ಲಿ ಒಂದು ರಿಲೀಸು, ಅದರ ಬೆನ್ನಿಗೇ ಇನ್ನೊಂದು ರಿಲೀಸು, ನಡುವೆ ಊರಲ್ಲಿ ತಂಗಿಯ ನಿಶ್ಚಿತಾರ್ಥ. ಇವತ್ತು ಬರೀತಿರೋದೂ ಆ ನಿಶ್ಚಿತಾರ್ಥದ ದೆಸೆಯಿಂದಲೇ. ಅದಾದ ಮೇಲೆ ತಂಗಿ ಫೋನಿನಲ್ಲಿ ಒಂದು ಪ್ರಶ್ನೆ ಕೇಳಿದಳು, ನನಗೆ ತಕ್ಷಣ ಉತ್ತರ ಕೊಡೋಕೆ ಆಗ್ಲಿಲ್ಲ. ಮೊದಲೇ ಹೇಳಿಬಿಡ್ತೀನಿ, ಉತ್ತರದಲ್ಲಿ ಗುಂಡ್ಲುಪೇಟೆ, ಅಥೆನ್ಸು, ಬೇಲೂರು ಎಲ್ಲಾ ಬರುತ್ತೆ. ಸ್ವಲ್ಪ ಉದ್ದ ಇದೆ. ಕಾಫಿ ತಗೊಂಡು ಕೂತ್ಕೊಳ್ಳಿ :-)

ನಿಶ್ಚಿತಾರ್ಥ ನಡೆದದ್ದು ಚಾಮರಾಜನಗರದ ಒಂದು ಛತ್ರದಲ್ಲಿ. ನಮ್ಮ ಊರು ಗುಂಡ್ಲುಪೇಟೆ ಹತ್ತಿರದ ಒಂದು ಹಳ್ಳಿ, ಹುಡುಗನ ಕಡೆಯವರು ಚಾಮರಾಜನಗರದವರು. ಶಾಸ್ತ್ರ ಎಲ್ಲಾ ಮುಗಿದು ಊಟಕ್ಕೆ ಎಲೆ ಹಾಕೋ ಮುಂಚೆ ನಮ್ಮ ಸೋದರಮಾವನ ಕೈಗೆ ಮೈಕು ಸಿಕ್ಕಿಬಿಡ್ತು. ಮಾವ ಒಳ್ಳೆಯವರು, ಆದರೆ ಮೈಕು ಸಿಕ್ಕರೆ ಬಿಡೋರಲ್ಲ. "ನಮ್ಮಕ್ಕ ಈ ಮನೆಗೆ ಕಂಬ ಕನ್ರಪ್ಪ. ಭಾವ ಹೋದ್ಮೇಲೆ ಒಬ್ಳೇ ನಿಂತ್ಕಂಡು ಮನೆ ಬೀಳದಂಗೆ ಎತ್ತಿ ಹಿಡಿದ್ಲು" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟಕ್ಕೇ ನಿಂತಿದ್ದರೆ ನಾನೂ ತಟ್ಟುತ್ತಿದ್ದೆನೇನೋ. ಹುಡುಗನ ಕಡೆಯ ಹಿರಿಯರೊಬ್ಬರು ಎದ್ದು ನಿಂತು, "ಇಂತಾ ಕಂಬದ ಮಗಳು ನಮ್ಮನೆಗೆ ಬತ್ತಾವಳೆ, ನಮಗಿನ್ನೇನ್ ಯೋಚ್ನೆ ಬುಡಿ" ಅಂದರು. ಮತ್ತೆ ಚಪ್ಪಾಳೆ.

ಆ ಹಿರಿಯರು ಮಾತಾಡಿದಾಗ ಅವ್ವ ಅವರ ಕಡೆ ತಿರುಗಿದಳು. ಕತ್ತು ತಿರುಗಿಸಲಿಲ್ಲ. ಸೊಂಟದಿಂದ ಇಡೀ ಮೈಯನ್ನೇ ತಿರುಗಿಸಿದಳು. ಅವ್ವ ಹಾಗೆ ತಿರುಗೋಕೆ ಶುರು ಮಾಡಿ ಎಷ್ಟು ದಿನ ಆಗಿದೆ ಅಂತ ನನಗೆ ಗೊತ್ತಿರಲಿಲ್ಲ. ಅವತ್ತೇ ಮೊದಲು ನೋಡಿದ್ದು.

ತಂಗಿಯ ಪ್ರಶ್ನೆ ಇದು: "ಎಲ್ರೂ ಅವ್ವನ್ನ ಹೊಗಳ್ತಿದ್ರೆ ನೀನ್ಯಾಕೆ ಹರಳೆಣ್ಣೆ ಕುಡಿದೋನ ಥರ ಮುಖ ಮಾಡ್ಕೊಂಡು ಕೂತಿದ್ದೆ?"

ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗು, ಮಾಡೋದು ಸಾಫ್ಟ್‌ವೇರು. ಈ ಜಾತಿಯವರು ಬೆಂಗಳೂರಲ್ಲಿ ರಾಶಿ ರಾಶಿ ಇದ್ದೀವಿ, ಓದೋರಲ್ಲೂ ಕೆಲವರು ಇರಬಹುದು. ನಾಲ್ಕು ವರ್ಷ ಓದಿದ್ದರಲ್ಲಿ ತಲೆಯಲ್ಲಿ ಉಳಿದಿರೋದು ಬಹಳ ಕಮ್ಮಿ. ಉಳಿದಿರೋ ಒಂದು ವಿಷಯ ಅಂದ್ರೆ ಭಾರ ಹೋಗೋ ದಾರಿ. ಸೂರಿನ ಭಾರ ತೊಲೆಗೆ, ತೊಲೆಯ ಭಾರ ಕಂಬಕ್ಕೆ, ಕಂಬದ್ದು ಅಡಿಪಾಯಕ್ಕೆ, ಅಡಿಪಾಯದ್ದು ನೆಲಕ್ಕೆ. ಯಾವುದೇ ಕಟ್ಟಡ ನೋಡಿದರೂ ಮೊದಲು ಆ ದಾರಿ ಹುಡುಕಬೇಕು, ಬಾಕಿ ಎಲ್ಲಾ ಅಲಂಕಾರ ಅಂತ ನಮ್ಮ ಮೇಷ್ಟ್ರು ಹೇಳೋರು. ಹಾಗಾಗಿ ಯಾರಾದರೂ ಮನುಷ್ಯರನ್ನು ಕಂಬ ಅಂದರೆ ನನಗೆ ಮೊದಲು ಬರೋ ಯೋಚನೆ, ಇವರ ತಲೆ ಮೇಲೆ ಎಷ್ಟಿದೆ ಅಂತ.

ನಿಜವಾಗಿ ಕಂಬವಾಗಿ ನಿಂತ ಹೆಂಗಸೊಬ್ಬಳನ್ನು ನಾನು ನೋಡಿದ್ದೀನಿ. ಆನ್‌ಸೈಟ್ ಅಂತ ಮೂರು ತಿಂಗಳು ಲಂಡನ್ನಿಗೆ ಹೋಗಿದ್ದಾಗ ಒಂದು ಶನಿವಾರ, ಚಳಿ ತಡೀಲಾರದೆ (ಮತ್ತು ಟಿಕೆಟ್ಟು ಇಲ್ಲ ಅನ್ನೋ ಕಾರಣಕ್ಕೆ!) ಬ್ರಿಟಿಷ್ ಮ್ಯೂಸಿಯಮ್ಮಿಗೆ ನುಗ್ಗಿದೆ. ಅಲ್ಲಿ ಒಂದು ಕೋಣೆಯಲ್ಲಿ ಏಳು ಅಡಿಗೂ ಮೀರಿದ ಅಮೃತಶಿಲೆಯ ಹುಡುಗಿಯೊಬ್ಬಳು ನಿಂತಿದ್ದಳು. ಎರಡೂ ಕೈ ಇಲ್ಲ, ಮುರಿದು ಹೋಗಿವೆ. ಒಂದು ಕಾಲು ಸ್ವಲ್ಪ ಬಾಗಿದೆ. ಇಂಥ ಪ್ರತಿಮೆಗಳಿಗೆ ಕ್ಯಾರಿಯಾಟಿಡ್ ಅಂತ ಹೆಸರು. ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡದ ಮೇಲೆ ಎರೆಕ್ಥಿಯಾನ್ ಅಂತ ಒಂದು ಗುಡಿ ಇದೆ, ಕ್ರಿಸ್ತಪೂರ್ವ 421ರಿಂದ 406ರ ಸುಮಾರಿಗೆ ಕಟ್ಟಿದ್ದು. ಅದರ ದಕ್ಷಿಣದ ಜಗಲಿಯ ಸೂರನ್ನು ಕಂಬದ ಬದಲು ಇಂಥ ಆರು ಹುಡುಗಿಯರು ತಲೆ ಮೇಲೆ ಹೊತ್ತಿದ್ದರು, ಮುಂದೆ ನಾಲ್ಕು, ಹಿಂದೆ ಎರಡು. ಎಲ್ಗಿನ್ ಅನ್ನೋ ಬ್ರಿಟಿಷ್ ರಾಯಭಾರಿ ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಒಬ್ಬಳನ್ನು ಕಿತ್ತುಕೊಂಡು ಹೋದ, 1816ರಲ್ಲಿ ಬ್ರಿಟಿಷ್ ಸರ್ಕಾರ ಅವನಿಂದ ಕೊಂಡುಕೊಂಡಿತು. ಕಿತ್ತ ಜಾಗದಲ್ಲಿ ಸೂರು ಬೀಳಬಾರದು ಅಂತ ಇಟ್ಟಿಗೆಯ ಕಂಬ ಕಟ್ಟಿ ಆನಿಕೆ ಕೊಟ್ಟರು. ಉಳಿದ ಐವರನ್ನು ಹೊಗೆ, ಧೂಳಿನಿಂದ ಕಾಪಾಡೋಕೆ 1979ರಲ್ಲಿ ಕೆಳಗಿಳಿಸಿ ಒಳಗಿಟ್ಟರು. ಈಗ ಗುಡ್ಡದ ಮೇಲೆ ಇರೋದು ಅಚ್ಚು ಹಾಕಿದ ನಕಲುಗಳು. ಅಸಲಿ ಐವರು ಅಥೆನ್ಸಿನಲ್ಲಿ 2009ರಲ್ಲಿ ತೆರೆದ ಹೊಸ ಮ್ಯೂಸಿಯಮ್ಮಿನಲ್ಲಿ ಇದ್ದಾರೆ, ಆರನೆಯವಳ ಜಾಗ ಖಾಲಿ ಬಿಟ್ಟಿದ್ದಾರೆ.

ಲಂಡನ್ನಿನ ಹುಡುಗಿಯ ತಲೆ ಮೇಲೆ ಈಗ ಏನೂ ಇಲ್ಲ. ಆದರೂ ಹೊತ್ತಿರೋ ಹಾಗೇ ನಿಂತಿದ್ದಾಳೆ. ಅವಳ ಮುಂದೆ ಇಷ್ಟು ಹೊತ್ತು ಯಾಕೆ ನಿಂತೆ ಅಂತ ಅವತ್ತು ಗೊತ್ತಾಗಲಿಲ್ಲ. ಆಮೇಲೆ ಒಂದು ಸಲ ಅವ್ವ ಬೆಂಗಳೂರಿಗೆ ಬಂದು ನಮ್ಮ ಎರಡನೇ ಮಹಡಿ ಬಾಡಿಗೆ ಮನೆಯಲ್ಲಿ ಹದಿನೈದು ದಿನ ಇದ್ದಳು. ಹೊರೋಕೆ ಏನೂ ಇಲ್ಲ, ನೀರು ನಲ್ಲೀಲಿ, ಹಾಲು ಪ್ಯಾಕೆಟ್ಟಲ್ಲಿ. ಬಾಲ್ಕನೀಲಿ ಕತ್ತು ನೆಟ್ಟಗೆ ಮಾಡಿಕೊಂಡು ನಿಂತಿರೋಳು. ಆಗ ಲಂಡನ್ನು ನೆನಪಾಯ್ತು.

ಮ್ಯೂಸಿಯಮ್ಮಿನಲ್ಲಿ ತೆಗೆದ ಫೋಟೋವನ್ನು ಅವ್ವನಿಗೆ ತೋರಿಸಿದ್ದೆ. ಆ ಪ್ರತಿಮೆಯ ತಲೆ ಮೇಲೆ ಸೂರು ಕೂರೋಕೆ ಅಂತ ದುಂಡಗೆ ದಿಂಬಿನ ಹಾಗೆ ಕಡೆದಿದ್ದಾರೆ, ಅದರ ಮೇಲೊಂದು ಚೌಕದ ಹಲಗೆ. ಗ್ರೀಕ್ ಕಂಬಗಳ ಬೋದಿಗೆಯೇ ಹಾಗೆ ಅಂತ ಪುಸ್ತಕಗಳು ಹೇಳುತ್ತವೆ. ಅವ್ವ ಒಂದೇ ನೋಟಕ್ಕೆ "ಸಿಂಬೆ" ಅಂದಳು. ಕೊಡಪಾನದ ಕೆಳಗೆ, ಹುಲ್ಲಿನ ಹೊರೆಯ ಕೆಳಗೆ ಹಳೇ ಸೀರೆ ತುಂಡು ಸುತ್ತಿ ಇಟ್ಟುಕೊಳ್ಳುತ್ತಾರಲ್ಲ, ಅದೇ ಸಿಂಬೆ. ಆಮೇಲೆ ಕನ್ನಡಕ ಹಾಕ್ಕೊಂಡು ಇನ್ನೊಂದು ಸಲ ನೋಡಿ, "ಜಡೆ ಬಿಗಿಯಾಗಿ ಹಾಕವ್ರೆ, ಅದೊಂದು ಬುದ್ಧಿವಂತಿಕೆ" ಅಂದಳು.

ಅವ್ವ ಹೇಳಿದ್ದು ಎಷ್ಟು ಸರಿ ಅಂತ ಆಮೇಲೆ ಓದಿದಾಗ ಗೊತ್ತಾಯ್ತು. ಮನುಷ್ಯರ ಆಕಾರದ ಕಂಬ ಮಾಡೋದರಲ್ಲಿ ದೊಡ್ಡ ತಲೆನೋವು ಅಂದರೆ ಕತ್ತು. ಇಡೀ ಮೈಯಲ್ಲಿ ಸಣ್ಣ ಜಾಗ ಅದು, ಮೇಲಿನ ಅಷ್ಟೂ ಕಲ್ಲಿನ ಭಾರ ಆ ಸಣ್ಣ ಜಾಗದಿಂದಲೇ ಇಳಿಯಬೇಕು. ಕತ್ತು ದಪ್ಪ ಮಾಡಿದರೆ ಹುಡುಗಿ ಪೈಲ್ವಾನನ ಹಾಗೆ ಕಾಣ್ತಾಳೆ, ತೆಳ್ಳಗೆ ಮಾಡಿದರೆ ಮುರಿಯುತ್ತೆ. ಆ ಶಿಲ್ಪಿ ಏನು ಮಾಡಿದ ಅಂದರೆ, ದಪ್ಪ ದಪ್ಪ ಜಡೆಗಳನ್ನು ಕತ್ತಿನ ಹಿಂದೆ ಇಳಿಬಿಟ್ಟು, ಒಂದೆರಡು ಸುರುಳಿಗಳನ್ನು ಹೆಗಲ ಮೇಲೂ ತಂದು, ಕತ್ತಿನ ಕಲ್ಲಿಗೆ ಗೊತ್ತಾಗದ ಹಾಗೆ ದಪ್ಪ ಸೇರಿಸಿದ. ಮುಂದಿನಿಂದ ನೋಡಿದರೆ ನಾಜೂಕು ಕತ್ತು, ಹಿಂದಿನಿಂದ ನೋಡಿದರೆ ಒಳ್ಳೇ ಗಟ್ಟಿ ದಿಂಡು. ಕಾಲಿಗೂ ಹಾಗೇ ಒಂದು ಉಪಾಯ. ಭಾರ ಹೊರೋ ಕಾಲಿನ ಮೇಲೆ ಬಟ್ಟೆಯ ನೆರಿಗೆಗಳು ನೆಟ್ಟಗೆ, ಕಂಬದ ಮೇಲಿನ ಉದ್ದ ತೋಡುಗಳ ಹಾಗೆ ಇಳಿಯುತ್ತವೆ. ಇನ್ನೊಂದು ಕಾಲು ಬಾಗಿ ಆರಾಮಾಗಿದೆ. ಆರು ಜನರಲ್ಲಿ ಮೂವರು ಎಡಗಾಲು ಬಾಗಿಸಿದ್ದಾರೆ, ಮೂವರು ಬಲಗಾಲು. ಇಷ್ಟೂ ಸಾಲದು ಅಂತ, ಗ್ರೀಕ್ ಗುಡಿಗಳಲ್ಲಿ ಕಂಬಗಳ ಮೇಲೆ ಸಾಮಾನ್ಯವಾಗಿ ಬರೋ ಕೆತ್ತನೆಯ ಪಟ್ಟಿಯನ್ನೇ ಈ ಜಗಲಿಯಲ್ಲಿ ತೆಗೆದುಬಿಟ್ಟಿದ್ದಾರೆ. ಹುಡುಗಿಯರ ತಲೆ ಮೇಲೆ ಅಷ್ಟು ಹೊರಿಸಿದರೆ ನೋಡೋಕೂ ಭಾರ ಅನ್ನಿಸುತ್ತೆ ಅಂತ.

ನನಗೆ ಇಷ್ಟವಾದ ಇನ್ನೊಂದು ವಿಷಯ, ಆ ಗುಡಿ ಕಟ್ಟಿದಾಗಿನ ಲೆಕ್ಕಪತ್ರ ಕಲ್ಲಿನ ಮೇಲೆ ಕೊರೆದದ್ದು ಸಿಕ್ಕಿದೆ. ಕುಶಲಕರ್ಮಿಗೆ ದಿನಕ್ಕೆ ಒಂದು ದ್ರಾಕ್ಮಾ ಕೂಲಿ, ನಾಗರಿಕನಿಗೂ ಅಷ್ಟೇ, ಗುಲಾಮನಿಗೂ ಅಷ್ಟೇ (ಗುಲಾಮನ ದುಡ್ಡು ಯಜಮಾನನ ಜೇಬಿಗೆ ಹೋಗಿರುತ್ತೆ, ಆ ಮಾತು ಬೇರೆ). ಆ ಲೆಕ್ಕದಲ್ಲಿ ಈ ಪ್ರತಿಮೆಗಳನ್ನು ಕ್ಯಾರಿಯಾಟಿಡ್ ಅಂತ ಕರೆದಿಲ್ಲ. 'ಕೋರೆ' ಅಂತ ಬರೆದಿದ್ದಾರೆ, ಅಂದ್ರೆ ಹುಡುಗಿಯರು, ಅಷ್ಟೇ.

ಹಾಗಾದರೆ ಕ್ಯಾರಿಯಾಟಿಡ್ ಅನ್ನೋ ಹೆಸರು ಎಲ್ಲಿಂದ ಬಂತು? ವಿಟ್ರುವಿಯಸ್ ಅನ್ನೋ ರೋಮಿನ ವಾಸ್ತುಶಿಲ್ಪಿ ಗುಡಿ ಕಟ್ಟಿ ನಾನೂರು ವರ್ಷ ಆದಮೇಲೆ ಒಂದು ಕಥೆ ಹೇಳಿದ. ಕ್ಯಾರಿಯೆ ಅನ್ನೋ ಊರಿನವರು ಯುದ್ಧದಲ್ಲಿ ಪರ್ಷಿಯನ್ನರ ಪಕ್ಷ ವಹಿಸಿದರಂತೆ. ಗ್ರೀಕರು ಗೆದ್ದಮೇಲೆ ಆ ಊರಿನ ಗಂಡಸರನ್ನೆಲ್ಲಾ ಕೊಂದು ಹೆಂಗಸರನ್ನು ಗುಲಾಮರನ್ನಾಗಿ ಎಳೆದುಕೊಂಡು ಹೋದರಂತೆ, ಮೈಮೇಲಿನ ಒಡವೆ ವಸ್ತ್ರ ತೆಗೆಯೋಕೂ ಬಿಡದೆ. ಆ ಅವಮಾನ ಶಾಶ್ವತವಾಗಿ ಉಳಿಯಲಿ ಅಂತ ಶಿಲ್ಪಿಗಳು ಅವರನ್ನು ಭಾರ ಹೊರೋ ಕಂಬಗಳಾಗಿ ಕಡೆದರಂತೆ. ಈ ಕಥೆಯನ್ನು ಈಗಿನ ವಿದ್ವಾಂಸರು ಪೂರ್ತಿ ನಂಬೋದಿಲ್ಲ, ಯಾಕಂದ್ರೆ ಪರ್ಷಿಯನ್ನರ ಆ ಯುದ್ಧಕ್ಕೂ ಮುಂಚೆಯೇ, ಕ್ರಿಸ್ತಪೂರ್ವ 525ರ ಸುಮಾರಿಗೆ, ಡೆಲ್ಫಿಯಲ್ಲಿ ಹೆಂಗಸರ ಆಕಾರದ ಕಂಬಗಳು ಇದ್ದವು. ಅದೂ ಅಲ್ಲದೆ ರೋಮನ್ನರು ಮಾಡಿಕೊಂಡ ಎರೆಕ್ಥಿಯಾನಿನ ನಕಲುಗಳು ಟಿವೊಲಿಯಲ್ಲಿ ಸಿಕ್ಕಾಗ, ಮುರಿದ ಕೈಗಳಲ್ಲಿ ಏನಿತ್ತು ಅಂತಲೂ ಗೊತ್ತಾಯ್ತು. ದೇವರಿಗೆ ಎರೆಯೋ ಬಟ್ಟಲು. ಅಂದ್ರೆ ಅವರು ಪೂಜೆಗೆ ಬಂದ ಹುಡುಗಿಯರು, ಸೆರೆಯಾಳುಗಳಲ್ಲ.

ಒಂದೇ ಪ್ರತಿಮೆಯನ್ನು ಒಬ್ಬರು ಗೌರವ ಅಂತ ಓದಿದರು, ಇನ್ನೊಬ್ಬರು ಶಿಕ್ಷೆ ಅಂತ ಓದಿದರು. ಛತ್ರದಲ್ಲಿ ನಾನು ಮಾವನ ಮಾತನ್ನು ವಿಟ್ರುವಿಯಸ್ಸನ ಥರ ಕೇಳಿಸಿಕೊಂಡೆ, ಉಳಿದವರೆಲ್ಲಾ ಬೇರೆ ಥರ ಕೇಳಿಸಿಕೊಂಡರು ಅಂತ ಕಾಣುತ್ತೆ.

ಇದೇ ಜಾತಿಯ ಇನ್ನೊಂದು ಪ್ರತಿಮೆಯ ಕಥೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಅಥೆನ್ಸಿನ ಹತ್ತಿರ ಎಲ್ಯೂಸಿಸ್ ಅಂತ ಒಂದು ಊರು. ಅಲ್ಲಿ ತಲೆ ಮೇಲೆ ಬುಟ್ಟಿ ಹೊತ್ತ ದೊಡ್ಡ ಹೆಣ್ಣು ಪ್ರತಿಮೆ, ಹಳೇ ಗುಡಿಯ ಬಾಗಿಲ ಕಂಬ, ತಿಪ್ಪೆಯಲ್ಲಿ ಅರ್ಧ ಹೂತುಹೋಗಿತ್ತು. ಊರವರು ಅವಳನ್ನು ಸಂತಳೆಂದು ನಂಬಿ ನಡೆದುಕೊಳ್ಳುತ್ತಿದ್ದರು. ಅವಳಿಂದಲೇ ಊರಿನ ಬೆಳೆ, ಅವಳನ್ನು ಕಿತ್ತರೆ ಬರ ಬರುತ್ತೆ ಅಂತ. ತಿಪ್ಪೆ ಅವಳ ಸುತ್ತ ಇದ್ದದ್ದೂ ಅದಕ್ಕೇ. ನಮ್ಮೂರಲ್ಲೂ ದೀಪಾವಳಿಗೆ ತಿಪ್ಪೆಗೆ ಪೂಜೆ ಇದೆ, ಹಾಗಾಗಿ ಓದಿದಾಗ ಪಕ್ಕದ ಊರಿನ ಸುದ್ದಿ ಅನ್ನಿಸಿತು. 1801ರಲ್ಲಿ ಕ್ಲಾರ್ಕ್ ಅನ್ನೋ ಇಂಗ್ಲಿಷಿನವನು ಊರವರು ಬೇಡ ಬೇಡ ಅಂದರೂ ಅವಳನ್ನು ಹೇರಿಕೊಂಡು ಹೋದ. ಹಡಗು ಇಂಗ್ಲೆಂಡಿನ ದಡದ ಹತ್ತಿರವೇ ಒಡೆಯಿತು, ಪ್ರತಿಮೆ ಮಾತ್ರ ಉಳಿಯಿತು. ಈಗ ಕೇಂಬ್ರಿಜ್ಜಿನ ಮ್ಯೂಸಿಯಮ್ಮಿನಲ್ಲಿ ಇದ್ದಾಳೆ. ಬುಟ್ಟಿ ಇನ್ನೂ ತಲೆ ಮೇಲೇ ಇದೆ.

ಸರಿ, ನಮ್ಮ ಕಡೆ ಬರೋಣ. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದಾಗ ನಮ್ಮ ಕಾಲೇಜು ಗೆಳೆಯರ ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡು ಬಂತು. ಒಂದು ಕಡೆ ಅಥೆನ್ಸಿನ ಹುಡುಗಿಯರು, ಇನ್ನೊಂದು ಕಡೆ ಬೇಲೂರಿನ ಮದನಿಕೆ. ಕೆಳಗೆ ಒಕ್ಕಣೆ ಏನಪ್ಪಾ ಅಂದ್ರೆ, ಗ್ರೀಕರು ಹೆಣ್ಣಿನ ತಲೆ ಮೇಲೆ ಕಲ್ಲು ಹೊರಿಸಿದರು, ನಮ್ಮವರು ಹೆಣ್ಣನ್ನು ನಾಟ್ಯ ಮಾಡಿಸಿದರು, ನಮ್ಮ ಸಂಸ್ಕೃತಿಯ ಹಿರಿಮೆ ನೋಡಿ ಅಂತ. ಮೂವತ್ತು ಜನ ಹೆಬ್ಬೆರಳು ಎತ್ತಿದರು. ನಾನೂ ಎತ್ತಿದೆ, ಸುಳ್ಳು ಯಾಕೆ ಹೇಳಲಿ.

ಎಂಜಿನಿಯರಿಂಗ್ ಮಟ್ಟಿಗೆ ಆ ಫಾರ್ವರ್ಡಿನಲ್ಲಿ ಹೇಳಿದ್ದು ಸರಿಯೇ. ಬೇಲೂರಿನ ಚೆನ್ನಕೇಶವ ದೇವಸ್ಥಾನ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ್ದು. ಅಲ್ಲಿ ಹೊರಗೆ ಸೂರಿನ ಕೆಳಗೆ 38, ಒಳಗೆ ನವರಂಗದಲ್ಲಿ 4, ಒಟ್ಟು 42 ಮದನಿಕೆಯರು. ಕನ್ನಡಿ ನೋಡಿಕೊಳ್ಳೋಳು, ಗಿಣಿ ಜೊತೆ ಮಾತಾಡೋಳು, ಬಿಲ್ಲು ಹಿಡಿದು ಬೇಟೆಗೆ ಹೊರಟೋಳು, ಸೀರೆ ಎಳೆಯೋ ಕೋತಿಗೆ ಗದರೋಳು. ಅವರು ಕಂಬದ ತಲೆಯಿಂದ ಸೂರಿಗೆ ಓರೆಯಾಗಿ ಆತುಕೊಂಡಿದ್ದಾರೆ, ನೋಡಿದವರಿಗೆ ಸೂರಿಗೆ ಆಸರೆ ಕೊಟ್ಟ ಹಾಗೆ ಕಾಣುತ್ತೆ. ಆದರೆ ಭಾರ ಅವರ ಮೂಲಕ ಹೋಗೋದಿಲ್ಲ. ಹಳೇಬೀಡಿಗೆ ಹೋಗಿ ನೋಡಿ, ಅಲ್ಲಿ ಬಹುಪಾಲು ಮದನಿಕೆಯರು ಈಗ ಇಲ್ಲ, ಸೂರು ತನ್ನ ಪಾಡಿಗೆ ತಾನು ನಿಂತಿದೆ. ಬೇಲೂರಿನ ನವರಂಗದಲ್ಲಿ ಮೋಹಿನಿ ಕಂಬ ಅಂತ ಒಂದಿದೆ, ಅಲ್ಲೂ ಮೋಹಿನಿ ಕಂಬದ ಮುಂದೆ ನಿಂತಿದ್ದಾಳೆಯೇ ಹೊರತು ಅವಳೇ ಕಂಬ ಅಲ್ಲ. ಹಿಂದಿನ ಕಂಬ ಹೊರುತ್ತೆ, ಅವಳು ನಗುತ್ತಾಳೆ.

ನನ್ನ ತಕರಾರು ಒಕ್ಕಣೆಯ ಉಳಿದ ಅರ್ಧದ ಮೇಲೆ. ಗುಡಿಯ ಸೂರಿನ ಕೆಳಗೆ ಹೆಣ್ಣು ಏನೂ ಹೊರದೆ ಕುಣಿದಳು ಅಂದಮಾತ್ರಕ್ಕೆ, ಆ ಗುಡಿ ಇದ್ದ ಊರಲ್ಲಿ ಹೆಣ್ಣು ಏನೂ ಹೊರಲಿಲ್ಲ ಅಂತ ಆಗುತ್ತಾ? ಮದನಿಕೆಯರ ಪಾದದ ಕೆಳಗೆ ಶಿಲ್ಪಿಗಳು ಹೆಸರು ಕೊರೆದಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಹೀಗೆ. ನನಗೆ ಆ ಸಹಿಗಳು ಅಂದರೆ ಪ್ರಾಣ, ಒಂಬೈನೂರು ವರ್ಷದ ಹಿಂದೆ ಕೆಲಸಗಾರ ತನ್ನ ಹೆಸರು ಬಿಟ್ಟು ಹೋಗಿದ್ದಾನೆ. ಆದರೆ ದಾಸೋಜನಿಗೆ ಬುತ್ತಿ ಹೊತ್ತು ತಂದವಳು, ಕಲ್ಲು ಉಜ್ಜೋಕೆ ನೀರು ಹೊತ್ತವಳು ಎಲ್ಲೂ ಇಲ್ಲ. ಬೀದರಿನ ಕಡೆ ಜಲಸಂಗಿಯಲ್ಲಿ, ಬೇಲೂರಿನ ಮದನಿಕೆಯರಿಗಿಂತ ಮುಂಚಿನದು, ಚಾಲುಕ್ಯರ ಕಾಲದ್ದು, ಶಾಸನ ಬರೆಯುತ್ತಿರೋ ಹೆಣ್ಣಿನ ಶಿಲ್ಪ ಇದೆ. ಎಷ್ಟು ಚಂದ! ಕೆಲಸ ಮಾಡೋ ಹೆಂಗಸು ಕೊನೆಗೂ ಒಬ್ಬಳು ಸಿಕ್ಕಳು ಅಂದ್ಕೊಂಡೆ. ಅವಳು ಬರೀತಿರೋದು ಆರನೇ ವಿಕ್ರಮಾದಿತ್ಯನ ಹೊಗಳಿಕೆ :-(

ಗಂಡಸರನ್ನು ಕಂಬ ಮಾಡಿಲ್ಲವಾ ಅಂತ ಯಾರಾದರೂ ಕೇಳಬಹುದು. ಮಾಡಿದ್ದಾರೆ. ಸಿಸಿಲಿಯ ಅಕ್ರಗಾಸಿನಲ್ಲಿ ಜ್ಯೂಸ್ ದೇವರ ಗುಡಿಗೆ ದೈತ್ಯ ಗಂಡಸರ ಪ್ರತಿಮೆಗಳನ್ನು ಆಸರೆ ಕೊಟ್ಟಿದ್ದಾರೆ. ಅವರು ಎರಡೂ ಕೈ ತಲೆಯ ಹಿಂದಕ್ಕೆ ಮಡಚಿ, ಮೈಯೆಲ್ಲಾ ಬಿಗಿ ಮಾಡಿಕೊಂಡು ಹೊತ್ತಿದ್ದಾರೆ. ನಮ್ಮ ಗುಡಿಗಳಲ್ಲೂ ಪೀಠದ ಕೆಳಗೆ, ಬೋದಿಗೆಯಲ್ಲಿ ಕುಳ್ಳ ಗಣಗಳು ಕೂತಿರ್ತಾರೆ ನೋಡಿ, ಕೈ ಎತ್ತಿ, ಹೊಟ್ಟೆ ಉಬ್ಬಿಸಿಕೊಂಡು, ಕಣ್ಣು ಕಿಸಿದುಕೊಂಡು. ಗಂಡಸು ಹೊತ್ತರೆ ಕಷ್ಟ ಪಡ್ತಿದ್ದಾನೆ ಅಂತ ಎಲ್ಲರಿಗೂ ಕಾಣಬೇಕು. ಎರೆಕ್ಥಿಯಾನಿನ ಆರು ಹುಡುಗಿಯರ ಮುಖದಲ್ಲಿ ಒಂದು ಸುಕ್ಕಿಲ್ಲ, ಕೈ ಮೇಲಕ್ಕೆ ಎತ್ತಿಲ್ಲ. ಸೂರು ತಲೆ ಮೇಲಿದೆ ಅನ್ನೋದೇ ಅವರಿಗೆ ಗೊತ್ತಿಲ್ಲವೇನೋ ಅನ್ನೋ ಹಾಗೆ ಮುಂದೆ ನೋಡ್ತಿದ್ದಾರೆ. ಶಿಲ್ಪ ಅಂತ ನೋಡಿದರೆ ಅದ್ಭುತ. ಮನೆಯಲ್ಲಿ ಇಂಥ ಮುಖ ದಿನಾ ನೋಡಿದರೆ ಒಂದು ಅಪಾಯ ಇದೆ, ಕಷ್ಟ ಕಾಣದೇ ಇದ್ದದ್ದನ್ನು ಕಷ್ಟ ಇಲ್ಲ ಅಂತ ತಿಳಿಯೋದು. ನಾನು ಹದಿನಾಲ್ಕು ವರ್ಷ ಹಾಗೇ ತಿಳಿದಿದ್ದೆ.

ನಿಶ್ಚಿತಾರ್ಥದ ಊಟ ಆದಮೇಲೆ ತಂಗಿಯನ್ನು ಕರೆದುಕೊಂಡು ಚಾಮರಾಜೇಶ್ವರನ ಗುಡಿಗೆ ಹೋಗಿದ್ದೆ. ಚಾಮರಾಜನಗರದವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳ್ತೀನಿ. ಆ ಊರಿನ ಮೊದಲ ಹೆಸರು ಅರಿಕುಠಾರ. ಅಲ್ಲಿ ಹುಟ್ಟಿದ ಚಾಮರಾಜ ಒಡೆಯರ ನೆನಪಿಗೆ ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗೆ ಅಪ್ಪನ ಹೆಸರಿಟ್ಟರು, 1826ರಲ್ಲಿ ಗುಡಿ ಕಟ್ಟಿಸಿದರು. ನಮ್ಮ ಗುಂಡ್ಲುಪೇಟೆಯದೂ ಇದೇ ಕಥೆ. ಅದರ ಹಳೇ ಹೆಸರು ವಿಜಯಪುರ. ಅಲ್ಲಿ ತೀರಿಕೊಂಡ ಅಪ್ಪನ ನೆನಪಿಗೆ ಚಿಕ್ಕದೇವರಾಜ ಒಡೆಯರು ಪರವಾಸುದೇವನ ಗುಡಿ ಕಟ್ಟಿಸಿದರು, ಹದಿನೇಳನೇ ಶತಮಾನದ ಕೊನೆಯ ಭಾಗದಲ್ಲಿ. ಪಿಯುಸಿ ಓದುವಾಗ ಆ ಪಾಳು ಗುಡಿಯ ಕಡೆ ಗೆಳೆಯರ ಜೊತೆ ಸೈಕಲ್ಲಿನಲ್ಲಿ ಹೋಗಿ ಕೂರುತ್ತಿದ್ದೆವು. ಊಟಿಗೆ ಹೋಗೋ ಕಾರುಗಳು ಚೆಂಡುಹೂವಿನ ಹೊಲದಲ್ಲಿ ಫೋಟೋಗೆ ನಿಲ್ಲಿಸ್ತಾರೆ, ಈ ಗುಡಿಗೆ ನಿಲ್ಲಿಸೋರು ಕಮ್ಮಿ. ಎರಡು ತಾಲ್ಲೂಕು ಕೇಂದ್ರ, ಎರಡೂ ಕಡೆ ಮಕ್ಕಳು ಅಪ್ಪನಿಗೆ ಕಟ್ಟಿಸಿದ ಗುಡಿ.

ಚಾಮರಾಜೇಶ್ವರನ ಗುಡಿಯಲ್ಲಿ ಮುಮ್ಮಡಿಯವರ ತಾಯಿ ಕೆಂಪನಂಜಮ್ಮಣ್ಣಿಯ ಹೆಸರಲ್ಲಿ ಕೆಂಪನಂಜಾಂಬ ಅಮ್ಮನವರೂ ಇದ್ದಾರೆ, ಅದು ನನಗೆ ಸಮಾಧಾನದ ವಿಷಯ. ಆದರೆ ಇತಿಹಾಸ ಓದಿದವರಿಗೆ ಗೊತ್ತು, ಹೈದರ್, ಟಿಪ್ಪು ಕಾಲದುದ್ದಕ್ಕೂ ಒಡೆಯರ ಮನೆತನದ ಆಸೆಯನ್ನು ಹೊತ್ತು ನಿಂತವರು ಲಕ್ಷ್ಮಮ್ಮಣ್ಣಿ. ಇಮ್ಮಡಿ ಕೃಷ್ಣರಾಜರ ವಿಧವೆ. 1799ರಲ್ಲಿ ಐದು ವರ್ಷದ ಮುಮ್ಮಡಿಯವರನ್ನು ಗದ್ದುಗೆಗೆ ಕೂರಿಸಿದಾಗ ಇಂಗ್ಲಿಷರ ಜೊತೆಗಿನ ಒಪ್ಪಂದಕ್ಕೆ ಮಗುವಿನ ಪರವಾಗಿ ರುಜು ಹಾಕಿದವರಲ್ಲಿ ಅವರೂ ಒಬ್ಬರು. ಊರಿಗೆ ಹೆಸರು ಬಂದದ್ದು ಗದ್ದುಗೆ ಮೇಲೆ ಹೆಸರಿಗಷ್ಟೇ ಕೂತಿದ್ದ ರಾಜರದ್ದು.

ಗುಡಿಯ ಕಂಬಕ್ಕೆ ಒರಗಿ ಕೂತಿದ್ದಾಗ ತಂಗಿ ಒಂದು ಮಾತು ಹೇಳಿದಳು. "ಆ ತಾತ ಕಂಬ ಅಂದಾಗ ಖುಷಿ ಆಯ್ತು ಕಣಣ್ಣ, ಆಮೇಲೆ ಸ್ವಲ್ಪ ಭಯ ಆಯ್ತು." ಅವಳು ಒಂದು ಶಾಲೆಯಲ್ಲಿ ಪಾಠ ಮಾಡ್ತಾಳೆ, ಮದುವೆ ಆದಮೇಲೂ ಮಾಡ್ತೀನಿ ಅಂದಿದ್ದಾಳೆ, ಹುಡುಗ ಒಪ್ಪಿದ್ದಾನೆ. ಆ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆ, ಅತ್ತೆಗೆ ಸಕ್ಕರೆ ಕಾಯಿಲೆ. ಯಾರೂ ಕೆಟ್ಟವರಲ್ಲ. ಆದರೆ ನಮಗಿನ್ನೇನ್ ಯೋಚ್ನೆ ಅಂದರಲ್ಲ, ಅಲ್ಲಿ ಒಂದು ಸೂರು ಕಾಯುತ್ತಾ ಇದೆ ಅನ್ನಿಸಿತು.

ಅದಾದ ಮರುವಾರ ಅವ್ವನನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದೆ. ಕತ್ತಿನ ಮೂಳೆಗಳು ಸವೆದಿವೆ ಅಂದರು ಡಾಕ್ಟರು. ನರ ಒತ್ತುತ್ತಾ ಇದೆ, ಎಡಗೈ ಬೆರಳು ಜೋಮು ಹಿಡಿಯೋದು ಅದಕ್ಕೇ. ತಲೆ ಮೇಲೆ ಭಾರ ಹೊರ್ತೀರಾ ಅಂತ ಕೇಳಿದರು. ಅವ್ವ "ಇಲ್ಲ ಸಾ, ವಸಿ ಹುಲ್ಲು, ಅಷ್ಟೇಯ" ಅಂದಳು. ವಸಿ ಹುಲ್ಲು! ಎರಡು ಹಸುವಿಗೆ ದಿನಾ ಎರಡು ಹೊರೆ, ಮೊದಲು ಊರಿಗೆ ನಲ್ಲಿ ಬರೋವರೆಗೆ ನೀರು, ಸುಗ್ಗಿಯಲ್ಲಿ ಚೆಂಡುಹೂವಿನ ಚೀಲ. ಅಪ್ಪ ತೀರಿಕೊಂಡಾಗ ನಾನು ಒಂಬತ್ತನೇ ಕ್ಲಾಸು. ನನ್ನ ಎಂಜಿನಿಯರಿಂಗ್ ಫೀಸು, ಹಾಸ್ಟೆಲ್ಲು, ತಂಗಿಯ ಬಿ.ಎಡ್ಡು ಎಲ್ಲಾ ಆ ಕತ್ತಿನ ಮೂಲಕವೇ ಇಳಿದದ್ದು. ನಾಲ್ಕು ವರ್ಷ ಭಾರ ಹೋಗೋ ದಾರಿ ಓದಿದವನು ಇದೊಂದು ದಾರಿ ನೋಡಿರಲಿಲ್ಲ.

ತಂಗಿಗೆ ನನ್ನ ಉತ್ತರ ಇಷ್ಟೇ. ಕಂಬ ಅನ್ನೋ ಮಾತಿನ ಮೇಲೆ ನನಗೆ ಕೋಪ ಇಲ್ಲ. ಕೋಪ ಇರೋದು ಲೆಕ್ಕ ಇಡದೆ ಕಂಬ ಅನ್ನೋದರ ಮೇಲೆ. ಬೇಲೂರೋ ಅಥೆನ್ಸೋ ಅಂತ ಈ ವಿಷಯದಲ್ಲಿ ಕೇಳಿದರೆ ನಾನು ಅಥೆನ್ಸು ಅಂತೀನಿ. ಬೈಯೋರು ಕಾಮೆಂಟಿನಲ್ಲಿ ಬೈಯಬಹುದು. ಚಂದಕ್ಕೆ ಬೇಲೂರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಥೆನ್ಸಿನವನು ಹುಡುಗಿಯ ತಲೆ ಮೇಲೆ ಸೂರಿದೆ ಅಂತ ಒಪ್ಪಿಕೊಂಡ. ಒಪ್ಪಿಕೊಂಡ ಮೇಲೆ ಒಬ್ಬಳ ಮೇಲೆ ಹೊರಿಸದೆ ಆರು ಜನರಿಗೆ ಹಂಚಿದ, ಮೇಲಿನ ಪಟ್ಟಿ ತೆಗೆದು ಭಾರ ಕಮ್ಮಿ ಮಾಡಿದ, ಕತ್ತು ಎಲ್ಲಿ ಮುರಿಯುತ್ತೆ ಅಂತ ಮೊದಲೇ ಯೋಚಿಸಿ ಅಲ್ಲಿಗೆ ಜಡೆ ಇಟ್ಟ. ಎಲ್ಗಿನ್ ಒಬ್ಬಳನ್ನು ಕಿತ್ತಾಗಲೂ ಸೂರಿಗೆ ಇಟ್ಟಿಗೆಯ ಆನಿಕೆಯಾದರೂ ಸಿಕ್ಕಿತು. ಅಪ್ಪ ಹೋದಾಗ ನಮ್ಮ ಮನೆಗೆ ಆ ಇಟ್ಟಿಗೆ ಯಾರೂ ಕೊಡಲಿಲ್ಲ, ಚಪ್ಪಾಳೆ ತಟ್ಟಿದವರಲ್ಲಿ ಅರ್ಧ ಜನ ಅವತ್ತೂ ಇದ್ದರು. ನಾನೂ ದೊಡ್ಡವನಾದ ಮೇಲೆ ದುಡ್ಡು ಕಳಿಸಿದೆ, ಹುಲ್ಲು ಯಾರು ಹೊರ್ತಾರೆ ಅಂತ ಕೇಳಲಿಲ್ಲ.

ಒಂದು ತೊಡಕು ಇದೆ, ಅದನ್ನು ಮುಚ್ಚಿಟ್ಟರೆ ತಪ್ಪಾಗುತ್ತೆ. ಅವ್ವನಿಗೆ ಮಾವನ ಮಾತು ಇಷ್ಟ ಆಗಿತ್ತು. ರಾತ್ರಿ ಬಸ್ಸಿನಲ್ಲಿ ವಾಪಸು ಬರುವಾಗ "ನಿಮ್ಮ ಮಾವ ಏನೇ ಆಗ್ಲಿ, ಎಲ್ರೆದುರಿಗೆ ಅಂದ್ನಲ್ಲ" ಅಂತ ಎರಡು ಸಲ ಹೇಳಿದಳು. ಹದಿನಾಲ್ಕು ವರ್ಷಕ್ಕೆ ಅವಳಿಗೆ ಸಿಕ್ಕಿದ್ದು ಅದೊಂದು ಮಾತು, ಅದನ್ನೂ ನಾನು ಎಂಜಿನಿಯರಿಂಗ್ ತೆಗೆದು ಕಿತ್ತುಕೊಳ್ಳೋದು ಸರಿಯಾ? ಗೊತ್ತಿಲ್ಲ. ಹಸು ಮಾರೋಣ ಅಂದೆ, ಎರಡು ದಿನ ಮಾತು ಬಿಟ್ಟಳು. ಬೆಂಗಳೂರಿಗೆ ಬಾ ಅಂದೆ, ಬಾಲ್ಕನೀಲಿ ನಿಂತ್ಕಳಕಾ ಅಂದಳು.

ಕೊನೆಗೆ ಹುಲ್ಲು ತರೋಕೆ ಅಂತ ಎರಡು ಚಕ್ರದ ಒಳ್ಳೇ ಕೈಗಾಡಿ ತಂದುಕೊಟ್ಟೆ. ಹೋದ ತಿಂಗಳು ಊರಿಗೆ ಹೋದಾಗ ನೋಡಿದರೆ ಗಾಡಿ ಹಿತ್ತಲಲ್ಲಿ ನಿಂತಿದೆ, ಅದರ ಮೇಲೆ ಹುರುಳಿ ಒಣಹಾಕಿದ್ದಾರೆ. ಹುಲ್ಲು ತಲೆ ಮೇಲೇ ಬಂತು. ಸಿಟ್ಟು ಮಾಡಿದೆ. ಅವ್ವ ಏನೂ ಅನ್ನದೆ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದಳು. ಬದು ಒಂದೂವರೆ ಅಡಿ ಅಗಲ ಇದೆ, ಎರಡು ಕಡೆ ಕಾಲುವೆ. ಗಾಡಿಯ ಎರಡು ಚಕ್ರದ ನಡುವಿನ ಅಂತರವೇ ಎರಡೂಕಾಲು ಅಡಿ. ಅಳತೆ ತೆಗೆದುಕೊಳ್ಳದೆ ತಂದಿದ್ದೆ.

ಈಗ ಅಳತೆ ತೆಗೆದುಕೊಂಡು ಬಂದಿದ್ದೀನಿ. ಒಂದೇ ಚಕ್ರದ್ದು ಬೇಕು, ಸೈಕಲ್ಲಿನ ಗಾತ್ರದ ಚಕ್ರ ಆದರೆ ಒಳ್ಳೇದು, ಹಿಡಿ ಅವ್ವನ ಸೊಂಟದ ಎತ್ತರಕ್ಕೆ ಇರಬೇಕು. ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಇಂಥದ್ದನ್ನು ಹೇಳಿ ಮಾಡಿಸಬಹುದಾದ ವೆಲ್ಡಿಂಗ್ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ಕಾಮೆಂಟಿನಲ್ಲಿ ತಿಳಿಸಿ. ಮದುವೆಗೆ ಮುಂಚೆ ಆದರೆ ಒಳ್ಳೇದು, ಮಾವ ಮತ್ತೆ ಮೈಕು ಹಿಡಿದೇ ಹಿಡೀತಾರೆ.